ಈ ಯುಗಾದಿಗೆ ಹಿತ್ತಲ ಕಡೆ ನೋಡೋಣ

ಕಳೆದ ತಿಂಗಳು ನಮ್ಮ ಸಂಘದ ಕಚೇರಿಗೆ ಸದಸ್ಯರೊಬ್ಬರು ಚಾಲಿ ಅಡಕೆಯ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಿದ್ದರು. ಹಣ ಎಣಿಸಿಕೊಂಡು ಹೊರಟವರು ಪೇಟೆಗೆ ಹೋಗಿ, ಮರೆತು ಬಿಟ್ಟಿದ್ದ ಪಾಸುಬುಕ್ಕಿಗಾಗಿ ಮತ್ತೆ ಬಂದರು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಎಲೆಕೋಸು, ಟೊಮೆಟೊ, ಬೀನ್ಸು. ಅದಕ್ಕೆ ನಮ್ಮ ತಕರಾರಿಲ್ಲ. ಅವು ನಮ್ಮ ಕಡೆಯ ಬೆಳೆಗಳಲ್ಲ. ಇನ್ನೊಂದರಲ್ಲಿ ಒಂದು ಕಟ್ಟು ಹರಿವೆ, ಒಂದು ಕಟ್ಟು ಬಸಳೆ, ಅದರ ಮೇಲೆ ಹತ್ತು ರೂಪಾಯಿಯ ಕರಿಬೇವು! ಅವರಿಗೆ ಮೂರು ಎಕರೆ ತೋಟವಿದೆ, ಬತ್ತದ ಬಾವಿಯಿದೆ, ಕೊಟ್ಟಿಗೆಯಲ್ಲಿ ನಾಲ್ಕು ರಾಸುಗಳಿವೆ. ನಾವು ಸುಮ್ಮನಿರಲಾರದೆ ಕೇಳಿದೆವು. "ಏನು ಮಾಡೋದು ಸೆಕ್ರೆಟರಿಯವರೇ, ಮಂಗ ಒಂದನ್ನೂ ಬಿಡೋದಿಲ್ಲ" ಎಂದರು. "ಕರಿಬೇವನ್ನೂ ಮಂಗ ತಿನ್ನುತ್ತದೆಯೇ?" ಎಂದೆವು. ಅವರೂ ನಕ್ಕರು, ನಾವೂ ನಕ್ಕೆವು.

ನಕ್ಕದ್ದು ಅವರನ್ನು ಹಾಸ್ಯ ಮಾಡಲಿಕ್ಕಲ್ಲ. 2020ರವರೆಗೆ ನಮ್ಮ ಮನೆಯ ಸ್ಥಿತಿಯೂ ಅದೇ ಆಗಿತ್ತು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಹಳ್ಳಿಗಳಲ್ಲಿ ಸಂಘದ ಕೆಲಸದ ಮೇಲೆ ತಿರುಗಾಡುವಾಗ ನಾವು ಕಾಣುವುದೂ ಇದನ್ನೇ. ಮನೆ ಚೆನ್ನಾಗಿದೆ, ತೋಟ ಚೆನ್ನಾಗಿದೆ, ಅಂಗಳದಲ್ಲಿ ಅಡಕೆ ಒಣಗುತ್ತಿದೆ. ಹಿಂದೆ ಹೋಗಿ ನೋಡಿದರೆ ಹಿತ್ತಲೆಂಬುದೇ ಇಲ್ಲ. ಬಚ್ಚಲ ನೀರು ಸುಮ್ಮನೆ ಹರಿದು ಒಂದು ಕೆಸರುಗುಂಡಿಯಾಗಿದೆ. ಅದರ ಪಕ್ಕದಲ್ಲಿ ನಾಲ್ಕು ಅಡಕೆ ಸಸಿ ಹೆಚ್ಚಿಗೆ ನೆಟ್ಟಿದ್ದಾರೆ.

ಈ ಯುಗಾದಿಗೆ ಪ್ರತಿಯೊಬ್ಬ ಸದಸ್ಯರ ಮನೆಯಲ್ಲೂ ಕಾಲು ಗುಂಟೆಯಷ್ಟಾದರೂ ಹಿತ್ತಲ ತೋಟ ಶುರುವಾಗಬೇಕೆಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಹವ್ಯಾಸದ ಮಾತಲ್ಲವೆಂಬುದನ್ನು ಮುಂದೆ ವಿವರಿಸುತ್ತೇವೆ.

ಮಾರಿದರೆ ಮಾತ್ರ ಅನ್ನ

ನಾವು ಬೆಳೆಯುವ ಬೆಳೆಗಳ ಸ್ವಭಾವವನ್ನು ಒಮ್ಮೆ ಯೋಚಿಸಬೇಕು. ಅಡಕೆಯನ್ನು ಉಂಡು ಹೊಟ್ಟೆ ತುಂಬಿಸಿಕೊಳ್ಳಲಾಗದು. ನಮ್ಮಲ್ಲಿ ಕೆಲವರು ಅಂತರಬೆಳೆಯಾಗಿ ಇಟ್ಟಿರುವ ಕಾಫಿಯನ್ನೂ ಉಣ್ಣಲಾಗದು. ಕಾಳುಮೆಣಸೂ ಅಷ್ಟೇ. ಇವೆಲ್ಲ ಮಾರಿದರೆ ಮಾತ್ರ ಅನ್ನವಾಗುವ ಬೆಳೆಗಳು. ದರ ನಮ್ಮ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಫಸಲೂ ನಮ್ಮ ಕೈಯಲ್ಲಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೆಂಬ ಇನ್ನೊಂದು ಕಾಟ ಸೇರಿಕೊಂಡಿದೆ. ಅಡಕೆಯ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತದೆ. ತರಕಾರಿಯ ಖರ್ಚು ದಿನವೂ ಇರುತ್ತದೆ. ಸಂಘದ ಸಾಲದ ಪುಸ್ತಕ ತೆರೆದು ನೋಡುವ ನಮಗೆ ಇದು ಚೆನ್ನಾಗಿ ಗೊತ್ತು. ಗೊಬ್ಬರಕ್ಕೆಂದು, ಮೈಲುತುತ್ತಕ್ಕೆಂದು ಪಡೆದ ಮುಂಗಡದಲ್ಲಿ ಒಂದು ಪಾಲು ಸಂತೆಯ ಚೀಲಕ್ಕೆ ಹೋಗುತ್ತದೆ. ಇದನ್ನು ಯಾರೂ ಅಲ್ಲಗಳೆಯಲಾರರು.

ಹಿಂದೆ ಹೀಗಿರಲಿಲ್ಲ. ಹಾಗೆಂದು ಹಿಂದಿನವರು ನಮಗಿಂತ ಜಾಣರಾಗಿದ್ದರೆಂದು ನಾವು ಹೇಳುವುದಿಲ್ಲ, ಅವರಿಗೆ ಗದ್ದೆಯಿತ್ತು. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಒಂದು ಮೂಲೆಯಲ್ಲಿ ತೇವ ಉಳಿದಿರುತ್ತಿತ್ತು. ಅಲ್ಲೊಂದು ಕೈಬಾವಿ ತೋಡಿ, ಕೊಡದಲ್ಲಿ ನೀರು ಹೊಯ್ದು, ಹರಿವೆ, ಬೆಂಡೆ, ಅಲಸಂಡೆ, ಮೊಗೆ, ಕುಂಬಳ, ಮೆಣಸಿನ ಗಿಡ ಮಾಡುತ್ತಿದ್ದರು. ನಮ್ಮ ಕರಾವಳಿಯ ನಿಜವಾದ ತರಕಾರಿ ಕಾಲವೆಂದರೆ ಮಾಗಿಯಿಂದ ವಸಂತದವರೆಗಿನ ಈ ಕಾಲವೇ. ಗದ್ದೆಯಲ್ಲಿ ಲಾಭವಿಲ್ಲವೆಂದು ನಾವು ಅದಕ್ಕೆ ಮಣ್ಣು ಏರಿಸಿ ಅಡಕೆ ನೆಟ್ಟೆವು. ಭತ್ತ ಹೋದದ್ದು ಎಲ್ಲರ ಕಣ್ಣಿಗೂ ಕಂಡಿತು. ಅದರ ಜೊತೆಗೆ ಬೇಸಿಗೆಯ ತರಕಾರಿಯೂ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಅಡಕೆಯ ನೆರಳಿನಲ್ಲಿ ಬೆಂಡೆ ಬೆಳೆಯುವುದಿಲ್ಲ. ಆದುದರಿಂದ ಈಗ ಉಳಿದಿರುವ ಜಾಗವೆಂದರೆ ಹಿತ್ತಲು ಒಂದೇ.

ಗದ್ದೆಯ ಪದ್ಧತಿಯನ್ನು ಬಿಡದವರು ನಮ್ಮ ನಡುವೆ ಇನ್ನೂ ಇದ್ದಾರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕುಮಟಾದ ಅಳವೆಕೋಡಿ, ಹಂದಿಗೋಣ, ವನ್ನಳ್ಳಿಯ ಕಡೆ ಹೆದ್ದಾರಿಯಲ್ಲಿ ಹೋದವರು ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುವುದನ್ನು ಕಂಡಿರುತ್ತಾರೆ. ಭತ್ತ ಕೊಯ್ದ ನೆಲದಲ್ಲಿ ಬರುವ ಬೆಳೆ ಅದು. ದೂರದೂರಿನ ಪ್ರಯಾಣಿಕರು ಕಾರು ನಿಲ್ಲಿಸಿ ಕೊಳ್ಳುತ್ತಾರೆ. ಕುಮಟಾ, ಗೋಕರ್ಣ, ಅಂಕೋಲಾ ಪೇಟೆಗಳಿಗೆ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಒಕ್ಕಲ ಹೆಂಗಸರು ತಮ್ಮ ಗದ್ದೆ, ಹಿತ್ತಲಲ್ಲೇ ಬೆಳೆದ ಸೊಪ್ಪು, ಗೆಣಸು, ತರಕಾರಿ ತಂದು ನಮ್ಮಂಥ ಜಮೀನುದಾರರ ಮನೆಯವರಿಗೆ ಮಾರುತ್ತಾರೆ. ನಮಗಿಂತ ಕಡಿಮೆ ಭೂಮಿಯಿರುವವರು ನಮಗೆ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಅವರ ವ್ಯಾಪಾರ ಚೆನ್ನಾಗಿ ನಡೆಯಲಿ. ನಾವು ಬಿಡಬೇಕಾದದ್ದು ದೂರದಿಂದ ಲಾರಿಯಲ್ಲಿ ಬಂದು ಬಾಡಿದ ಸೊಪ್ಪನ್ನು.

ರಸ್ತೆ ಮುಚ್ಚಿದ ದಿನಗಳು

2020ರ ಯುಗಾದಿ ನೆನಪಿರಬಹುದು. ಮಾರ್ಚ್ 25. ಅದೇ ದಿನ ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಯಿತು. ನಮ್ಮ ಮನೆಯಲ್ಲಿ ಬೇವು ಬೆಲ್ಲಕ್ಕೆ ಕೊರತೆಯಾಗಲಿಲ್ಲ. ನಾಲ್ಕನೆಯ ದಿನ ಸಾರಿಗೆ ಹಾಕಲು ತರಕಾರಿಯಿರಲಿಲ್ಲ. ಘಟ್ಟದ ಮೇಲಿನಿಂದ ಬರುವ ತರಕಾರಿ ಗಾಡಿ ನಮ್ಮೂರ ಕಡೆ ಎರಡು ವಾರ ಸರಿಯಾಗಿ ಬರಲಿಲ್ಲ. ಮನೆಯಾಕೆ ತೋಟಕ್ಕೆ ಹೋಗಿ ಬಾಳೆಯ ದಿಂಡು, ಎಳೆ ಹಲಸಿನ ಗುಜ್ಜೆ, ಹಳ್ಳದ ಬದಿಯ ಒಂದೆಲಗ ತಂದು ದಿನ ದೂಡಿದಳು. ಐವತ್ತು ಕ್ವಿಂಟಲ್ ಹಸಿ ಅಡಕೆ ಕೊಯ್ಯುವ ಮನೆಯಲ್ಲಿ ಒಂದು ಬದನೆಕಾಯಿ ಇರಲಿಲ್ಲ. ನಮಗೆ ನಿಜಕ್ಕೂ ನಾಚಿಕೆಯಾಯಿತು.

ಅದು ಅಪರೂಪದ ಸಂದರ್ಭವೆಂದು ಹೇಳಬಹುದು. ಆದರೆ 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳು ಹೋಗಿ, ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳ ಸ್ಥಿತಿ ನಮಗೆಲ್ಲ ಗೊತ್ತಿರುವುದೇ. ಒಂದು ಕಡೆ ಸಮುದ್ರ, ಒಂದು ಕಡೆ ಘಟ್ಟ, ನಡುವೆ ಒಂದು ಹೆದ್ದಾರಿ. ಹೀಗಿರುವ ಊರಿನವರು ದಿನದ ಸೊಪ್ಪಿಗೂ ಲಾರಿಯನ್ನೇ ಕಾಯುವುದು ಬುದ್ಧಿವಂತಿಕೆಯಲ್ಲ.

ದೊಡ್ಡ ದೇಶಗಳೂ ಇಂಥ ಸಂದರ್ಭದಲ್ಲಿ ಹಿತ್ತಲನ್ನೇ ನೆಚ್ಚಿಕೊಂಡಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮನೆಯ ಅಂಗಳ, ಶಾಲೆಯ ಬಯಲುಗಳಲ್ಲೆಲ್ಲ ತರಕಾರಿ ಬಿತ್ತಿದರು. 1943ರ ಹೊತ್ತಿಗೆ ಅಲ್ಲಿ ಇಂಥ ತೋಟಗಳು ಸುಮಾರು 2 ಕೋಟಿ ಇದ್ದುವೆಂದು ಹೇಳುತ್ತಾರೆ. ನಮ್ಮ ದೇಶದಲ್ಲೂ ಅದೇ ವರ್ಷಗಳಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂಬ ಚಳವಳಿ ನಡೆಯಿತು. ಅವರು ಪೇಟೆಯವರು, ಅಂಗಳದ ಹುಲ್ಲು ಅಗೆದು ಬೆಳೆದರು. ಬಾವಿ, ಗೊಬ್ಬರ, ಬಿಸಿಲು ಎಲ್ಲವೂ ಇರುವ ನಮಗೆ ಯಾವ ನೆಪವಿದೆ?

ಲೆಕ್ಕ ಹಾಕಿ ನೋಡೋಣ

ಲೆಕ್ಕವಿಲ್ಲದೆ ಮಾತಾಡುವುದು ಸಂಘದ ಕಾರ್ಯದರ್ಶಿಗೆ ಶೋಭಿಸದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರ ಸೂತ್ರಗಳ ಪ್ರಕಾರ, ಒಬ್ಬ ವಯಸ್ಕನ ದಿನದ ಊಟದಲ್ಲಿ ಸೊಪ್ಪು ತರಕಾರಿ ಎಲ್ಲ ಸೇರಿ ಸುಮಾರು 400 ಗ್ರಾಂ ಇರಬೇಕು. ಐದು ಜನರ ಮನೆಗೆ ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ ಆಯಿತು. ಕಿಲೋಗೆ 40 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 2,400, ವರ್ಷಕ್ಕೆ 28,800 ರೂಪಾಯಿ. ಹಿತ್ತಲು ಇದರಲ್ಲಿ ಮೂರನೆಯ ಒಂದು ಪಾಲು ಕೊಟ್ಟರೂ 9,600 ರೂಪಾಯಿ ಉಳಿಯಿತು.

ಇದೇನು ದೊಡ್ಡ ಮೊತ್ತವೇ ಎಂದು ಕೇಳುವವರಿದ್ದಾರೆ. ದೊಡ್ಡದಲ್ಲ. ಆದರೆ ನಿಜ ಹೇಳಬೇಕೆಂದರೆ ನಮ್ಮ ಬಹುಪಾಲು ಮನೆಗಳಲ್ಲಿ ಯಾರೂ ದಿನಕ್ಕೆ 400 ಗ್ರಾಂ ತರಕಾರಿ ತಿನ್ನುತ್ತಿಲ್ಲ. ದುಡ್ಡು ಕೊಟ್ಟು ತರುವಾಗ ಕೈ ಹಿಡಿತದಲ್ಲಿರುತ್ತದೆ. ಅನ್ನ, ತಿಳಿಸಾರು, ಉಪ್ಪಿನಕಾಯಿಯಲ್ಲಿ ಊಟ ಮುಗಿಯುತ್ತದೆ. ಹಿತ್ತಲಲ್ಲಿ ಬಸಳೆ ಹಬ್ಬಿ ಚಪ್ಪರ ತುಂಬಿದರೆ ಕೇಳುವವರಿಲ್ಲ, ವಾರಕ್ಕೆ ಮೂರು ದಿನ ಹುಳಿ, ತಂಬುಳಿ, ಪಲ್ಯ. ಉಳಿದದ್ದು ನೆರೆಮನೆಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಹಳ್ಳಿಯ ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಉಳಿಯುವ ಹಣಕ್ಕಿಂತ ತಿನ್ನುವ ಸೊಪ್ಪಿನ ಬೆಲೆಯೇ ಹೆಚ್ಚೆಂದು ನಾವು ಭಾವಿಸುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಈಗ ಆ ಗಾದೆ ಹೇಳಲಿಕ್ಕೂ ಹಿತ್ತಲಲ್ಲಿ ಗಿಡವಿಲ್ಲದಂತಾಗಿದೆ.

ಮಂಗ, ನೀರು, ಆಳು

ಇನ್ನು ಆಕ್ಷೇಪಗಳು. ಮೊದಲನೆಯದು ಮಂಗ. ಇದು ಸುಳ್ಳಲ್ಲ. ಕಾಡುಹಂದಿ, ಮುಳ್ಳುಹಂದಿ, ಈಗೀಗ ನವಿಲು ಕೂಡ ಸೇರಿವೆ. ಬೆಂಡೆ, ಅಲಸಂಡೆ, ಸೌತೆಗಳನ್ನು ಮನೆಯಿಂದ ದೂರ ಮಾಡಿದರೆ ಅವು ನಮಗಲ್ಲ, ಮಂಗನಿಗೇ. ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಹತ್ತಿರ, ನಾಯಿ ಮಲಗುವ ಜಾಗದ ಪಕ್ಕದಲ್ಲಿ ಮಾಡಬೇಕು. ಎರಡನೆಯದಾಗಿ, ಮಂಗ ಅಷ್ಟಾಗಿ ಮುಟ್ಟದ ಬೆಳೆಗಳೂ ಇವೆ: ಕೆಸು, ಸುವರ್ಣಗಡ್ಡೆ, ಅರಿಶಿನ, ಶುಂಠಿ, ಹಾಗಲ, ಸೂಜಿಮೆಣಸು, ಮತ್ತು ನಮ್ಮ ಸದಸ್ಯರು ಕೊಂಡು ತಂದ ಕರಿಬೇವು. ಮೊದಲ ವರ್ಷ ಇವುಗಳಿಂದಲೇ ಶುರು ಮಾಡಿದರೆ ಮನಸ್ಸು ಮುರಿಯುವುದಿಲ್ಲ. ಮೀನಿನ ಹಳೆಯ ಬಲೆ ಬಂದರಿನ ಕಡೆ ಅಗ್ಗಕ್ಕೆ ಸಿಗುತ್ತದೆ. ನಾಲ್ಕು ಗೂಟ ನೆಟ್ಟು ಸುತ್ತಲೂ ಮೇಲೂ ಹೊದಿಸಿದರೆ ಚಿಕ್ಕ ಪಾತಿಗೆ ಸಾಕಷ್ಟು ರಕ್ಷಣೆಯಾಗುತ್ತದೆ.

ಎರಡನೆಯದು ನೀರು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಯುಗಾದಿಯ ಹೊತ್ತಿಗೆ ಬಾವಿ ತಳ ಕಾಣುತ್ತದೆ, ತೋಟಕ್ಕೇ ನೀರು ಸಾಲದು. ಆದುದರಿಂದಲೇ ನಾವು ಕಾಲು ಗುಂಟೆ ಎಂದದ್ದು. ಹದಿನಾರು ಹದಿನೇಳು ಅಡಿ ಚೌಕದ ಜಾಗ ಅದು. ಈ ಬಿಸಿಲಿನಲ್ಲಿ ಅಷ್ಟಕ್ಕೆ ದಿನಕ್ಕೆ 100ರಿಂದ 125 ಲೀಟರ್ ನೀರು ಬೇಕು, ಏಳೆಂಟು ಕೊಡ. ನಮ್ಮ ಮನೆಯಲ್ಲಿ ಅಳೆದು ನೋಡಿದ್ದೇವೆ, ಸ್ನಾನ ಮತ್ತು ಪಾತ್ರೆ ತೊಳೆದ ನೀರೇ ಅಷ್ಟಾಗುತ್ತದೆ. ಅದನ್ನು ಮೊದಲು ಬಾಳೆ, ಕೆಸುವಿನ ಗುಂಡಿಗೆ ಬಿಟ್ಟು, ಬಟ್ಟೆ ಒಗೆಯುವ ಯಂತ್ರದ ಸೋಪುನೀರನ್ನು ಬೇರೆ ಕಡೆ ತಿರುಗಿಸಿದರೆ ಸಾಕು. ಹಸಿಯಾಗಿ ತಿನ್ನುವ ಸೊಪ್ಪು, ಮುಳ್ಳುಸೌತೆಗಳಿಗೆ ಮಾತ್ರ ಬಾವಿಯ ನೀರನ್ನೇ ಹಾಕಬೇಕು. ಪಾತಿಯ ಮೇಲೆ ದರಕು ಹೊದಿಸಿದರೆ ತೇವ ಬೇಗ ಆರುವುದಿಲ್ಲ. ಸಮುದ್ರದ ದಂಡೆಯಲ್ಲಿ, ಹೊಳೆಯ ಹಿನ್ನೀರಿನ ಬದಿಯಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವ ಮನೆಗಳವರು ಮಾತ್ರ ಮಳೆಗಾಲಕ್ಕೇ ಶುರು ಮಾಡುವುದು ಒಳ್ಳೆಯದು.

ಮೂರನೆಯದು ಆಳು. ಆಳಿಗೆ ಕೂಲಿ ಕೊಟ್ಟು ಹಿತ್ತಲು ಮಾಡಿಸಿದರೆ ಬದನೆಕಾಯಿ ಬಂಗಾರದ ಬೆಲೆಯಾಗುತ್ತದೆ. ಇದು ಮನೆಯವರೇ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾಡುವ ಕೆಲಸ. ಆಗದಿದ್ದರೆ ಜಾಗವನ್ನು ಇನ್ನೂ ಚಿಕ್ಕದು ಮಾಡಬೇಕು.

ಇಲ್ಲಿ ಗಂಡಸರಿಗೆ ಒಂದು ಮಾತು. ಹಿತ್ತಲೆಂದರೆ ಹೆಂಗಸರದೆಂದು ನಾವು ಮೊದಲಿನಿಂದಲೂ ತೀರ್ಮಾನಿಸಿಬಿಟ್ಟಿದ್ದೇವೆ. ತೋಟದ ಲೆಕ್ಕ ನಮ್ಮದು, ಹಿತ್ತಲ ನೀರು ಅವರದು. ಮೂರು ವರ್ಷದ ಹಿಂದೆ ನಾವು ಒಂದು ಸಭೆಯಲ್ಲಿ ಕೈತೋಟದ ಬಗ್ಗೆ ಮಾತಾಡಿ ಚಪ್ಪಾಳೆ ತೆಗೆದುಕೊಂಡು ಮನೆಗೆ ಬಂದೆವು. "ನೀವು ಭಾಷಣ ಮಾಡ್ತೀರಿ, ಕೊಡ ಹೊರೋದು ನಾನು" ಎಂದಳು ಮನೆಯಾಕೆ. ಉತ್ತರವಿರಲಿಲ್ಲ. ಮಾರನೆಯ ದಿನದಿಂದ ಬೆಳಗಿನ ನೀರು ನಮ್ಮ ಪಾಲಿಗೆ ಬಂತು. ಬೇಲಿ, ಚಪ್ಪರ, ಗೊಬ್ಬರ ಹೊರುವುದೂ ನಮ್ಮದೇ. ಹಿತ್ತಲು ಮಾಡಬೇಕೆಂದು ಈ ಪುಟದಲ್ಲಿ ಓದಿ, ಮನೆಗೆ ಹೋಗಿ ಹೆಂಡತಿಗೋ ಸೊಸೆಗೋ ಆಜ್ಞೆ ಮಾಡುವವರಿದ್ದರೆ ದಯವಿಟ್ಟು ಮಾಡದಿರುವುದೇ ಮೇಲು. ಅವರಿಗೆ ಈಗಾಗಲೇ ಸಾಕಷ್ಟು ಕೆಲಸವಿದೆ.

ಯುಗಾದಿಯಿಂದ ರೋಹಿಣಿಯವರೆಗೆ

ಈ ಕಾಲವೇ ಏಕೆ ಎಂದರೆ, ಅಡಕೆ ಕೊಯ್ಲು ಮುಗಿದಿದೆ, ಮಳೆಗಾಲದ ತಯಾರಿ ಇನ್ನೂ ಶುರುವಾಗಿಲ್ಲ. ಚಾಲಿ ಅಂಗಳದಲ್ಲಿ ಒಣಗುತ್ತಿರುವಾಗ ಹೇಗೂ ಮನೆಯಲ್ಲಿ ಒಬ್ಬರು ಕಾವಲಿರಲೇಬೇಕು. ಜಾಗ ಆರಿಸುವಾಗ ಐದಾರು ಗಂಟೆ ಬಿಸಿಲು ಬೀಳುವುದನ್ನು ನೋಡಿಕೊಳ್ಳಬೇಕು. ನೆಲವನ್ನು ಒಂದು ಅಡಿ ಅಗೆದು, ಕಲ್ಲು ತೆಗೆದು, ಹಳೆಯ ಕೊಟ್ಟಿಗೆ ಗೊಬ್ಬರ, ಸುಟ್ಟಮಣ್ಣು, ಒಲೆಯ ಬೂದಿ ಸೇರಿಸಬೇಕು. ನಮ್ಮ ಕೆಂಪುಕಲ್ಲಿನ ಮಣ್ಣು ಹುಳಿ ಮಣ್ಣು. ತೋಟದ ಮಣ್ಣು ಪರೀಕ್ಷೆಗೆ ಕಳಿಸುವಾಗ ಹಿತ್ತಲ ಮಣ್ಣಿನ ಒಂದು ಪೊಟ್ಟಣವನ್ನೂ ಕಳಿಸಿ, ಎಷ್ಟು ಸುಣ್ಣ ಬೇಕೆಂದು ತಿಳಿದುಕೊಳ್ಳಬೇಕು.

ಮೊದಲು ಬಿತ್ತಬೇಕಾದದ್ದು ಹರಿವೆ. ಬೀಜ ತೀರ ಸಣ್ಣದಾದ್ದರಿಂದ ಒಣ ಮರಳಿನ ಜೊತೆ ಬೆರೆಸಿ ಎರಚಬೇಕು. ಇರುವೆ ಹೊತ್ತೊಯ್ಯದಂತೆ ಸುತ್ತಲೂ ಬೂದಿ ಹಾಕಬೇಕು. ಇಪ್ಪತ್ತೈದು ಮೂವತ್ತು ದಿನಕ್ಕೆ ಅಡುಗೆಗೆ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಬೇಗ ಧೈರ್ಯ ಕೊಡುವ ಬೆಳೆ ಬೇರೆಯಿಲ್ಲ. ಬಸಳೆ, ತೊಂಡೆಗಳಿಗೆ ನೆರೆಮನೆಯಿಂದ ಒಂದೊಂದು ಗೇಣು ಬಳ್ಳಿ ಕೇಳಿ ತಂದು ಊರಿದರಾಯಿತು. ಯುಗಾದಿಗೆ ಬಿತ್ತಿದ ಬೆಂಡೆ ಮೇ ಮಧ್ಯದಲ್ಲಿ ಮೊದಲ ಕಾಯಿ ಕೊಡುತ್ತದೆ. ಮೊಗೆಗೆ ಸ್ವಲ್ಪ ತಡವಾಯಿತು, ಆದರೂ ನೀರಿದ್ದವರಿಗೆ ಮಳೆ ಹಿಡಿಯುವುದರೊಳಗೆ ಕಾಯಿ ಬಲಿಯುತ್ತದೆ.

ಏಪ್ರಿಲ್ ಕೊನೆಗೆ ಭರಣಿ ಮಳೆಯ ಕಾಲ. ಎರಡು ಹನಿ ಬಿದ್ದರೆ ಗಡ್ಡೆಗಳ ಕೆಲಸ. ಮೊದಲೇ ಗುಂಡಿ ತೆಗೆದು ದರಕು, ಗೊಬ್ಬರ ತುಂಬಿಟ್ಟಿದ್ದರೆ ಸುವರ್ಣಗಡ್ಡೆ, ಕೆಸು, ಅರಿಶಿನ, ಶುಂಠಿ ನೆಡಬಹುದು. ಮೇ ಕೊನೆಯ ವಾರ ರೋಹಿಣಿ ಹುಟ್ಟುವ ಹೊತ್ತಿಗೆ ಚಪ್ಪರ ಸಿದ್ಧವಾಗಿರಬೇಕು. ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ ಆಗ ಹಾಕುವವು. ಮಳೆಗಾಲದ ಪಾತಿ ನೆಲಕ್ಕಿಂತ ಒಂದು ಅಡಿ ಎತ್ತರವಿಲ್ಲದಿದ್ದರೆ ಬುಡ ಕೊಳೆಯುತ್ತದೆ. ಹಣ್ಣುನೊಣ ಕುಟ್ಟಿ ಉದುರಿದ ಹೀರೆ, ಹಾಗಲಗಳನ್ನು ಅಲ್ಲೇ ಬಿಡದೆ ದಿನವೂ ಆರಿಸಿ ಆಳದ ಗುಂಡಿಯಲ್ಲಿ ಮುಚ್ಚಬೇಕು. ಇನ್ನೊಂದು ಎಚ್ಚರಿಕೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮರಗಳ ಕೆಳಗೆ ಸೊಪ್ಪು ಬೆಳೆಯಬಾರದು. ಸಿಂಪಡಣೆಯ ದಿನ ಗಾಳಿ ಹಿತ್ತಲ ಕಡೆಗಿದ್ದರೆ ಸೊಪ್ಪಿನ ಪಾತಿಗೆ ತಾಡಪಾಲು ಮುಚ್ಚಬೇಕು.

ಹಳೆಯದು, ಹೊಸದು

ಹಿತ್ತಲೆಂದರೆ ಹಳೆಯದಕ್ಕೆ ಅಂಟಿಕೊಳ್ಳುವುದೆಂದು ಯಾರೂ ತಿಳಿಯಬಾರದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ನಮ್ಮ ಬಂದರುಗಳಿಂದ ಕಾಳುಮೆಣಸು ಹೊರಗೆ ಹೋಗುತ್ತಿತ್ತು. ಪೋರ್ತುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಅದೇ ಪೋರ್ತುಗೀಸರ ಹಡಗುಗಳ ಮೂಲಕ ಅಮೆರಿಕ ಖಂಡದಿಂದ ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ, ಪೇರಲೆ ನಮ್ಮ ಹಿತ್ತಲಿಗೆ ಬಂದವು. ಇಂದು ಇವು ಹೊರಗಿನವೆಂದರೆ ನಮ್ಮ ಅಜ್ಜಿಯಂದಿರು ನಂಬುತ್ತಿರಲಿಲ್ಲ. ಹಾಗೆಯೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ಹರಿವೆ, ಅರ್ಕಾ ಮಂಗಳ ಅಲಸಂಡೆಗಳನ್ನೂ ಹಾಕಿ ನೋಡಬೇಕು. ಇವು ಹೈಬ್ರಿಡ್ ಅಲ್ಲ, ಜಾಗ್ರತೆಯಿಂದ ಬೀಜ ಮಾಡಿಕೊಳ್ಳಬಹುದು. ಅಂಗಡಿಯ ಹೈಬ್ರಿಡ್ ಪೊಟ್ಟಣದ ಬೀಜ ಒಂದು ಸಲಕ್ಕೆ ಚೆನ್ನಾಗಿ ಬರುತ್ತದೆ. ಅದರ ಬೀಜ ಇಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಇಲ್ಲಿ ನಮ್ಮ ಮನೆಯ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ತಾಯಿಯವರು ಒಂದು ಜಾತಿಯ ಸೌತೆಯನ್ನು ಬೆಳೆಯುತ್ತಿದ್ದರು. ಉದ್ದವಿಲ್ಲ, ಗಿಡ್ಡ, ದಪ್ಪ. ಎಳೆಯದರಲ್ಲಿ ಹಸಿರಿನ ಮೇಲೆ ಬಿಳಿ ಗೀರು, ಬಲಿತರೆ ಇಟ್ಟಿಗೆಯ ಬಣ್ಣ. ಮಳೆಗಾಲಕ್ಕೆ ಮೊದಲೇ ಕೊಯ್ದು, ಬಾಳೆಪಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದರೆ ದೀಪಾವಳಿಯವರೆಗೂ ಕೆಡುತ್ತಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಒಂದೊಂದೇ ಇಳಿಸಿ ಹುಳಿ ಮಾಡುತ್ತಿದ್ದರು. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಬಟ್ಟೆಯ ಗಂಟು ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದರು. ನಾವು 1992ರಲ್ಲಿ ಪದವಿ ಮುಗಿಸಿ ಊರಿಗೆ ಬಂದಾಗ ಸಸ್ಯಶಾಸ್ತ್ರ ಓದಿದ್ದೇವೆಂಬ ಹೆಮ್ಮೆ ನಮಗಿತ್ತು. ಆದರೆ ಆ ಗಂಟಿನಲ್ಲಿ ಏನಿದೆಯೆಂದು ಒಂದು ದಿನವೂ ಕೇಳಲಿಲ್ಲ. ತಾಯಿಯವರು ತೀರಿಕೊಂಡ ವರ್ಷ ಗ್ಯಾಸು ಬಂತೆಂದು ಹಳೆಯ ಒಲೆ ಕಿತ್ತು ಅಡುಗೆಮನೆ ರಿಪೇರಿ ಮಾಡಿಸಿದೆವು. ಮಸಿ ಹಿಡಿದ ಗಂಟುಗಳನ್ನೆಲ್ಲ ಕಸದ ಜೊತೆ ಸುಟ್ಟೆವು. ಸುಟ್ಟದ್ದು ನಾವೇ, ಬೇರೆ ಯಾರೂ ಅಲ್ಲ.

2020ರಲ್ಲಿ ಹಿತ್ತಲು ಶುರು ಮಾಡಿದ ಮೇಲೆ ಆ ಸೌತೆಯ ನೆನಪಾಯಿತು. ಮೂರು ತಾಲೂಕಿನಲ್ಲೂ ವಿಚಾರಿಸಿದ್ದೇವೆ. ಕುಮಟಾ ಪೇಟೆಯಲ್ಲಿ ಸೊಪ್ಪು ಮಾರುವ ಹಿರಿಯ ಹೆಂಗಸೊಬ್ಬರು ಹತ್ತು ಬೀಜ ಕೊಟ್ಟು, "ಹಾಕಿ ನೋಡಿ, ಇದು ಅಲ್ಲದಿದ್ರೆ ಇದರ ಅಕ್ಕ" ಎಂದರು. ಹಾಕಿದೆವು. ಚೆನ್ನಾಗಿ ಬಂತು. ಆದರೆ ಅದು ಅಕ್ಕನೇ ಆಗಿತ್ತು. ಗೀರು ಇತ್ತು, ಬಾಳಿಕೆ ಇರಲಿಲ್ಲ. ಶ್ರಾವಣಕ್ಕೇ ಕೊಳೆಯಿತು.

ಪಕ್ಕದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯಲ್ಲಿ ಓದಿದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾಲಯದಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕೆಂಬುದನ್ನು ಕಣ್ಣಳತೆಯಲ್ಲೇ ಬಲ್ಲವರಾಗಿದ್ದರು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಯವರಿಂದ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಬೀಜದ ಜ್ಞಾನ ಸಣ್ಣ ಪ್ರಮಾಣದಲ್ಲಿ ನಮ್ಮ ಪ್ರತಿ ಊರಿನ ಒಬ್ಬಿಬ್ಬರು ಹಿರಿಯ ಹೆಂಗಸರಲ್ಲಿ ಇನ್ನೂ ಇದೆ. ಅವರಿಗೆ ಪ್ರಶಸ್ತಿ ಕೊಡಲು ನಮ್ಮಿಂದಾಗದು. ಅವರು ಇರುವಾಗಲೇ ಹೋಗಿ ಕೇಳಲಿಕ್ಕೆ ಆಗುತ್ತದೆ.

ಹಿತ್ತಲ ಸುಖ

ಇಷ್ಟು ಲೆಕ್ಕಾಚಾರ ಹೇಳಿದ ಮೇಲೆ ಲೆಕ್ಕಕ್ಕೆ ಸಿಗದ ಒಂದು ಮಾತನ್ನೂ ಹೇಳಬೇಕು. ತೋಟಕ್ಕೆ ಹೋದಾಗ ನಮ್ಮ ತಲೆಯಲ್ಲಿ ಯಾವಾಗಲೂ ದರ, ರೋಗ, ಸಾಲ, ಕೊನೆಗಾರ ಇವೇ ಇರುತ್ತವೆ. ಹಿತ್ತಲಿಗೆ ಹೋದಾಗ ಇವು ಯಾವುವೂ ನೆನಪಾಗುವುದಿಲ್ಲ. ಚೈತ್ರದ ಬೆಳಗಿನಲ್ಲಿ ಬಿಸಿಲು ಏರುವ ಮುನ್ನ, ಸುರಗಿಯ ಕಂಪು, ಮಾವಿನ ಮಿಡಿಯ ಸೊನೆಯ ವಾಸನೆ ಬರುತ್ತಿರುವಾಗ ಎರಡು ಕೊಡ ನೀರು ಹೊಯ್ದು, ನಿನ್ನೆ ಇಲ್ಲದಿದ್ದ ಹರಿವೆಯ ಕೆಂಪು ಮೊಳಕೆ ಇಂದು ಕಂಡರೆ ಐವತ್ತು ದಾಟಿದವನಿಗೂ ಹುಡುಗನಂತೆ ಮನೆಯವರನ್ನು ಕೂಗಿ ಕರೆಯುವ ಆಸೆಯಾಗುತ್ತದೆ. ಸಂಜೆ ಹೀರೆಯ ಹಳದಿ ಹೂ ಅರಳುವುದನ್ನು ನಿಂತು ನೋಡುವುದಕ್ಕೆ ಸಂಘದ ಸಭೆಗೆ ಒಂದೆರಡು ಸಲ ತಡವಾಗಿಯೂ ಹೋಗಿದ್ದೇವೆ. ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿದಾಗ ಮೊದಲು ಆರೋಗ್ಯ, ಮಳೆ, ಅಡಕೆ ದರ ಕೇಳಿ ಮಾತು ಮುಗಿಯುತ್ತಿತ್ತು. ಈಗ ಪಡುವಲ ಎಷ್ಟು ಉದ್ದವಾಯಿತೆಂದು ಕೇಳುತ್ತಾಳೆ. ರಜೆಗೆ ಬಂದ ಮೊಮ್ಮಗ ಮೊಬೈಲು ಬಿಟ್ಟು ಅರ್ಧ ದಿನ ಇರುವೆಯ ಸಾಲನ್ನು ಬೂದಿಯಿಂದ ತಿರುಗಿಸುತ್ತ ಕೂತಿದ್ದ.

ಭಟ್ಕಳದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮನೆಯ ಸುತ್ತ ನಾಲ್ಕು ಮಲ್ಲಿಗೆ ಗಿಡವಿಟ್ಟು, ಬೇಸಿಗೆಯಲ್ಲಿ ಬೆಳಕು ಹರಿಯುವ ಮುನ್ನ ಮೊಗ್ಗು ಕೊಯ್ದು, ಕಟ್ಟಿ ಮಾರಿ ಮನೆಯ ಖರ್ಚಿಗೆ ಕಾಸು ಮಾಡಿಕೊಳ್ಳುವ ಹೆಂಗಸರು ಅಲ್ಲಿದ್ದಾರೆ. ಭಟ್ಕಳ ಮಲ್ಲಿಗೆಯ ಹೆಸರು ಬೆಳೆದದ್ದು ಇಂಥ ಹಿತ್ತಲುಗಳಿಂದಲೇ.

ಸಂಘ ಏನು ಮಾಡಬಹುದು

ಸಂಘ ಬರೀ ಅಡಕೆ ಮಾರಿಕೊಟ್ಟು, ಗೊಬ್ಬರ ತರಿಸಿಕೊಟ್ಟರೆ ಸಾಲದೆಂಬುದು ನಮ್ಮ ಅಭಿಪ್ರಾಯ. ಆಡಳಿತ ಮಂಡಳಿಯ ಮುಂದೆ ನಾವು ಒಂದು ಸಣ್ಣ ಸಲಹೆಯಿಡುತ್ತಿದ್ದೇವೆ. ಇದಕ್ಕೆ ಹಣ ಬೇಕಾಗಿಲ್ಲ. ಕಚೇರಿಯ ಗೋಡೆಯ ಕಪಾಟಿನಲ್ಲಿ ಒಂದು ಅರೆಯನ್ನು ಬೀಜಕ್ಕೆ ಬಿಡೋಣ. ಸದಸ್ಯರ ಮನೆಯವರು ತಮ್ಮಲ್ಲಿ ಹೆಚ್ಚಾದ ಬೀಜವನ್ನು ಚೆನ್ನಾಗಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಬೀಜದ ಹೆಸರು, ಊರು, ಕೊಯ್ದ ತಿಂಗಳು ಬರೆದು ತಂದಿಡಲಿ. ಬೇಕಾದವರು ಒಂದು ಪೊಟ್ಟಣ ಒಯ್ಯಲಿ, ಮರುವರ್ಷ ಎರಡು ಪೊಟ್ಟಣ ತಂದಿಡಲಿ. ಅಡಕೆ ತೂಕಕ್ಕೆ ಬರುವ ಸದಸ್ಯರು ಸರದಿಗೆ ಕಾಯುತ್ತ ಕೂರುವ ಬೆಂಚಿನ ಎದುರೇ ಆ ಕಪಾಟಿದೆ. ಎಂದಿನ ರಾಜಕೀಯದ ಚರ್ಚೆಯ ನಡುವೆ ಹಾಗಲದ ಚರ್ಚೆಯೂ ಆಗಲಿ. ಈ ವಿಷಯದಲ್ಲಿ ಮಹಿಳೆಯರೇ ನಮಗಿಂತ ತಿಳಿದವರಾದ್ದರಿಂದ, ಬರುವ ವಾರ್ಷಿಕ ಸಭೆಯಲ್ಲಿ ಬೀಜದ ಬಗ್ಗೆ ಮಾತಾಡಲು ಅವರನ್ನೇ ಕರೆಯಬೇಕೆಂದೂ ಕೋರುತ್ತೇವೆ.

ರೋಹಿಣಿ ಮಳೆಗೆ ಇನ್ನು ಎರಡು ತಿಂಗಳಿದೆ. ನಮ್ಮ ಹಿತ್ತಲಿನಿಂದ ಕೆಂಪು ಹರಿವೆ, ಗಿಡ್ಡ ಅಲಸಂಡೆ ಮತ್ತು ಹಾಗಲದ ಬೀಜವನ್ನು ಈಗಾಗಲೇ ಪೊಟ್ಟಣ ಕಟ್ಟಿಟ್ಟಿದ್ದೇವೆ. ಕಚೇರಿಯ ವೇಳೆಯಲ್ಲಿ ಬಂದು ಒಯ್ಯಬಹುದು. ಗಿಡ್ಡ, ದಪ್ಪ, ಬಿಳಿ ಗೀರಿನ, ದೀಪಾವಳಿಯವರೆಗೆ ಜಂತಿಯಲ್ಲಿ ಬಾಳುವ ಸೌತೆಯ ಬೀಜ ಯಾವ ಸದಸ್ಯರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ದಯವಿಟ್ಟು ತಿಳಿಸಬೇಕು. ಎಷ್ಟೇ ದೂರವಿದ್ದರೂ ನಾವೇ ಬಂದು ಕೊಂಡೊಯ್ಯುತ್ತೇವೆ.